ಕಿಟಕಿ ಬದಲಿಸುವ ಎರಡು ದಿನ

ಸೊಲ್ಲಾಪುರ
೧೯ ಜನವರಿ ೨೦೨೫

ತಮ್ಮ ಮಲಕಾಜಪ್ಪನಿಗೆ ನಿನ್ನ ಕಸ್ತೂರಕ್ಕನ ಆಶೀರ್ವಾದ.

ಫೋನು ಇರುವಾಗ ಕಾಗದ ಯಾಕೆ ಬಂತು ಎಂದು ಗಾಬರಿಯಾಗಬೇಡ. ಎಲ್ಲರೂ ಇದ್ದೇವೆ, ಇದ್ದ ಹಾಗೆಯೇ ಇದ್ದೇವೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಲಕವಾ ಹೊಡೆದ ಮೇಲೆ ನಿನ್ನ ಭಾವನವರ ನಾಲಿಗೆ ಹೋಯಿತು, ಬಲಗೈ ಬಲಗಾಲು ಹೋದವು, ಕಿವಿ ಮಾತ್ರ ಮೊದಲಿಗಿಂತ ಚುರುಕಾಗಿವೆ. ಅಡುಗೆಮನೆಯಲ್ಲಿ ನಾನು ಪಿಸುಗುಟ್ಟಿದರೂ ಒಳಕೋಣೆಯಲ್ಲಿ ಅವರ ಕಣ್ಣು ಇತ್ತ ಹೊರಳುತ್ತದೆ. ಹೊರಗೆ ಮೆಟ್ಟಿಲ ಮೇಲೆ ನಿಂತು ಮಾತಾಡೋಣವೆಂದರೆ ನೆರೆಯವರ ಬಾಗಿಲು ಸದಾ ತೆರೆದೇ ಇರುತ್ತದೆ. ಕಾಗದಕ್ಕೆ ಆ ಭಯವಿಲ್ಲ. ನಮ್ಮ ನಿತಿನ ಮರಾಠಿ ಸಾಲೆಯಲ್ಲಿ ಕಲಿತವನು, ಕನ್ನಡ ಅಕ್ಷರ ಅವನಿಗೆ ಜಿಲೇಬಿ ಇದ್ದ ಹಾಗೆ. ಅವನೇ ಇದನ್ನು ಅಕ್ಕಲಕೋಟೆ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಾನೆ.

ವಿಷಯ ಕಿಟಕಿಯದು. ನಮ್ಮ ಅಪಾರ್ಟಮೆಂಟಿನ ಕಬ್ಬಿಣದ ಕಿಟಕಿಗಳು ತುಕ್ಕು ಹಿಡಿದು ಕೈಯಿಟ್ಟಲ್ಲಿ ಉದುರುತ್ತಿವೆ. ದೀಪಾವಳಿಯ ಹೊತ್ತಿಗೆ ನಮ್ಮ ಮೇಲಿನ ಮನೆಯ ಕಿಟಕಿಯ ಒಂದು ಕದ ಗಾಜಿನ ಸಮೇತ ಕಳಚಿ ಕೆಳಗೆ ನಿಂತ ಸ್ಕೂಟರಿನ ಮೇಲೆ ಬಿತ್ತು. ಸ್ಕೂಟರಿನ ಮೇಲೆ ಯಾರೂ ಕೂತಿರಲಿಲ್ಲ, ಪುಣ್ಯ. ಅಂದಿನಿಂದ ಸೊಸಾಯಟಿಯ ಸೆಕ್ರೆಟರಿ ಕಾಂತೇಶ ಪಟ್ಟು ಹಿಡಿದಿದ್ದಾನೆ. ಇಡೀ ಕಟ್ಟಡದ ಕಿಟಕಿಗಳನ್ನು ತೆಗೆದು ಅಲ್ಯುಮಿನಿಯಮ್ಮಿನ ಸರಿಯುವ ಕಿಟಕಿ ಹಾಕಿಸುವುದಂತೆ. ಜನ ಮನೆಯಲ್ಲಿ ಇದ್ದ ಹಾಗೆಯೇ ಕೆಲಸ ನಡೆಯಬೇಕು. ಮೇಲಿನ ಮಜಲೆಯಿಂದ ಶುರುಮಾಡಿ ಕೆಳಗೆ ಇಳಿಯುವುದು, ಒಂದು ಮನೆಗೆ ಎರಡು ದಿನ. ಮೊದಲ ದಿನ ಹಳೆಯ ಚೌಕಟ್ಟು ಒಡೆದು ಹೊಸದು ಕೂಡಿಸುತ್ತಾರೆ, ಮರುದಿನ ಸುತ್ತ ಸಿಮೆಂಟು ತುಂಬಿ ಗಾಜು ಹಾಕುತ್ತಾರೆ. ಸಿದ್ಧರಾಮನ ಜಾತ್ರೆ ಮುಗಿದ ಮೇಲೆ ಎಂದಿದ್ದರು, ಜಾತ್ರೆಯೂ ಮುಗಿಯಿತು.

ಮೀಟಿಂಗಿನಲ್ಲಿ ಕಾಂತೇಶ ಎಲ್ಲರೆದುರು ನನಗೆ ಹೇಳಿದ, "ಮಾವಶಿ, ನಿಮ್ಮ ಮನ್ಯಾಗ ಪೇಶೆಂಟ ಅದಾರ. ಗ್ವಾಡಿ ಒಡದ ಧೂಳ ಅವರ ಎದಿಗಿ ಹೋದ್ರ ಭಾಳ ತ್ರಾಸ ಆಗ್ತದ. ಎರಡ ದಿವಸ ಅವರ್ನ ಎಲ್ಲ್ಯಾರ ಇಡ್ರಿ." ಡಾಕ್ಟರರೂ ಅದನ್ನೇ ಹೇಳಿದರು. ಕಫದ ಮನುಷ್ಯ, ಧೂಳು ಬೇಡ.

ನಮ್ಮ ಸರದಿ ಫೆಬ್ರುವರಿ ಮೂರನೆಯ ವಾರ ಬರುತ್ತದೆ. ಆಗ ಇವರನ್ನು ಕರೆದುಕೊಂಡು ಅಕ್ಕಲಕೋಟೆಗೆ ಬರಬೇಕೆಂದು ಮಾಡಿದ್ದೇನೆ. ನಿಮ್ಮ ಅಂಗಡಿಯ ಹಿಂದಿನ ಕೋಣೆಗೆ ಮೆಟ್ಟಿಲಿಲ್ಲ, ಬಚ್ಚಲೂ ಹತ್ತಿರ. ಇಲ್ಲಿ ಕೆಲಸದವರ ಮೇಲೆ ನಿತಿನ ಕಣ್ಣಿಟ್ಟಿರುತ್ತಾನೆ. ಸೊಸೆ ಶುಭಾಂಗಿ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಅವಳ ಚಿಂತೆ ಇಲ್ಲ. ಎರಡು ತಾಸಿಗೊಮ್ಮೆ ಇವರ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಅದನ್ನು ಎರಡು ವರ್ಷದಿಂದ ನಾನೇ ಮಾಡುತ್ತ ಬಂದಿದ್ದೇನೆ, ಒಂದು ರಾತ್ರಿಯೂ ಪೂರಾ ಮಲಗಿಲ್ಲ. ಅದು ಇರಲಿ, ನಾನು ಕೇಳುತ್ತಿರುವುದು ಧೂಳಿನ ಸಲುವಾಗಿ.

ಸುಗಲಾಗೂ ಮಗಳು ಕಾಜಲಳಿಗೂ ಆಶೀರ್ವಾದ ತಿಳಿಸು. ಯಾವ ದಿನ ಬರಲಿ ಎಂದು ಬರೆ.

ನಿನ್ನ ಅಕ್ಕ
ಕಸ್ತೂರಬಾಯಿ


ಅಕ್ಕಲಕೋಟೆ
೨೯ ಜನವರಿ ೨೦೨೫

ಪೂಜ್ಯ ಅಕ್ಕನವರ ಪಾದಗಳಿಗೆ ಮಲಕಾಜಪ್ಪನ ಶರಣು.

ತಮ್ಮ ಪತ್ರ ತಲುಪಿತು. ಕಿಟಕಿ ಬದಲಿಸುವ ನಿರ್ಧಾರ ಅತ್ಯಂತ ಯೋಗ್ಯವಾದದ್ದು. ಅಲ್ಯುಮಿನಿಯಮ್ಮಿಗೆ ತುಕ್ಕು ಹಿಡಿಯುವುದಿಲ್ಲ, ಮಳೆಯ ನೀರೂ ಒಳಗೆ ಬರುವುದಿಲ್ಲ. ಸೊಳ್ಳೆಯ ಜಾಳಿಗೆಯನ್ನೂ ಸೇರಿಸಿಯೇ ಹಾಕಿಸಿಕೊಳ್ಳಿರಿ, ಆಮೇಲೆ ಬೇರೆಯಾಗಿ ಹಾಕಿಸುವುದು ತೊಂದರೆ. ನಮ್ಮ ಅಂಗಡಿಯ ಮೇಲಿನ ಕೋಣೆಗೆ ಅಂಥದನ್ನೇ ಹಾಕಿಸಿ ನೆಮ್ಮದಿಯಾಗಿದ್ದೇವೆ.

ಭಾವನವರನ್ನು ಕರೆತರುವ ವಿಚಾರ ಓದಿದೆ. ಇದು ತಮ್ಮದೇ ಮನೆ, ಕೇಳುವ ಅಗತ್ಯವೇ ಇಲ್ಲ. ಆದರೆ ಕಾಜಲಳ ನಿಶ್ಚಯ ವಾಗದರಿಯವರ ಮನೆಗೆ ಆಗಿರುವುದು ತಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಮದುವೆ. ಆ ನಿಮಿತ್ತ ಮನೆಗೆಲ್ಲ ಸುಣ್ಣಬಣ್ಣ ನಡೆದಿದೆ. ಹಿಂದಿನ ಕೋಣೆಯಲ್ಲಿ ಬಣ್ಣದ ಡಬ್ಬಿಗಳು, ಏಣಿ, ಜೋಳದ ಚೀಲ ಎಲ್ಲ ತುಂಬಿವೆ. ಬಣ್ಣದ ವಾಸನೆ ಕಫದವರಿಗೆ ಧೂಳಿಗಿಂತಲೂ ಕೆಟ್ಟದ್ದು ಎಂದು ನನ್ನ ಅಭಿಪ್ರಾಯ.

ಇಲ್ಲಿಂದ ಲಾರಿಗೆ ಹೊದಿಸುವಂಥ ಒಂದು ದೊಡ್ಡ ತಾಡಪತ್ರಿ ಕಳಿಸಲೇ? ಒಳಕೋಣೆಯ ಬಾಗಿಲಿಗೆ ಅದನ್ನು ಕಟ್ಟಿ ಕೆಲಸ ಮಾಡಿಸಿದರೆ ಧೂಳು ಒಳಗೆ ಬರಲಿಕ್ಕಿಲ್ಲ. ಹಾಗೆ ಮಾಡಿದರೆ ಭಾವನವರಿಗೂ ದಣಿವಿಲ್ಲ.

ಈ ಚೀಲದಲ್ಲಿ ಸುಗಲಾ ಸುಟ್ಟ ಕಡಕ ರೊಟ್ಟಿ, ಶೇಂಗಾ ಚಟ್ನಿ ಇವೆ. ಎಲ್ಲರ ಪ್ರಕೃತಿ ಕಾಪಾಡಿಕೊಳ್ಳಿರಿ.

ತಮ್ಮ ವಿಧೇಯ
ಮಲಕಾಜಪ್ಪ


ಸೊಲ್ಲಾಪುರ
೬ ಫೆಬ್ರುವರಿ ೨೦೨೫

ತಮ್ಮ ಮಲಕಾಜಪ್ಪನಿಗೆ ಆಶೀರ್ವಾದ.

ರೊಟ್ಟಿ ಮುಟ್ಟಿದವು. ಒಂದೂ ಮುರಿದಿರಲಿಲ್ಲ, ಸುಗಲಾನ ಕೈ ದೊಡ್ಡದು. ನಿನ್ನೆ ಫೋನಿನಲ್ಲಿ ನೀನು "ಊಟ ಆತೇನ ಅಕ್ಕಾ" ಎಂದೆ, ನಾನು "ಆತಪ್ಪ" ಎಂದೆ. ಇಬ್ಬರೂ ಕಿಟಕಿಯ ಮಾತು ಎತ್ತಲಿಲ್ಲ. ಭಾವ ಪಕ್ಕದಲ್ಲೇ ಇದ್ದರು, ನಾನಂತೂ ಎತ್ತುವ ಹಾಗಿರಲಿಲ್ಲ.

ತಾಡಪತ್ರಿ ಬೇಡಪ್ಪ. ಒಡೆಯುವುದು ಒಳಕೋಣೆಯ ಕಿಟಕಿಯನ್ನೇ, ಇವರ ಹಾಸಿಗೆ ಇರುವುದು ಅದರ ಕೆಳಗೇ. ಬಾಗಿಲಿಗೆ ತಾಡಪತ್ರಿ ಕಟ್ಟಿದರೆ ಧೂಳನ್ನೂ ನಿನ್ನ ಭಾವನನ್ನೂ ಒಳಗೆ ಕೂಡಿಹಾಕಿದ ಹಾಗಾಗುತ್ತದೆ. ಹೊರಗಿನ ಹಾಲಿಗೆ ಸರಿಸೋಣವೆಂದರೆ ಹಾಲಿನ ಕಿಟಕಿಯನ್ನೂ ಅದೇ ದಿನ ಒಡೆಯುತ್ತಾರೆ. ಕೆಲಸದ ಮುಖ್ಯಸ್ಥ ಅಂಬಾದಾಸ ಬಂದು ಎಲ್ಲ ಕಿಟಕಿಗಳ ಅಳತೆ ತೆಗೆದುಕೊಂಡು ಹೋದ. ಹಾಸಿಗೆಯ ಮೇಲೆ ಕಾಲಿಟ್ಟು ಹತ್ತಬೇಕಾಯಿತು, ಮೊದಲು ಇವರ ಕಾಲು ಮುಟ್ಟಿ ನಮಸ್ಕರಿಸಿ ಹತ್ತಿದ. ಇವರಿಗೆ ಅದು ಸೇರಿತು, ಎಡಗೈ ಎತ್ತಿದರು.

ಬಣ್ಣ ಒಣಗಲಿ ಎಂದು ನಾನೇ ಒಂದು ದಾರಿ ತೆಗೆದಿದ್ದೇನೆ. ಕೆಳಗಿನ ಮನೆಯವರ ಕಾಲಿಗೆ ಬಿದ್ದು ಸರದಿ ಅದಲುಬದಲು ಮಾಡಿಕೊಂಡಿದ್ದೇನೆ. ಕಾಂತೇಶ ಗೊಣಗಿದ. "ಹಿಂಗ ಒಬ್ಬೊಬ್ಬರ ಸಲುವಾಗಿ ಸರದಿ ತಿರುಗಿಸಿದ್ರ ನಾ ಹುಚ್ಚ ಆಗ್ತೀನ್ರಿ ಮಾವಶಿ. ಮ್ಯಾಲಿನ ಕಲ್ಲ ಕೆಳಗಿನ ಹೊಸಾ ಗಾಜಿನ ಮ್ಯಾಲ ಬಿದ್ರ ಯಾರ ಹೊಣಿ?" ಅವನ ಮಾತೂ ಖರೆ. ಕೊನೆಗೆ ಒಪ್ಪಿದ. ಈಗ ನಮ್ಮದು ಮಾರ್ಚ್ ಮೊದಲ ವಾರ.

ಅಷ್ಟರಲ್ಲಿ ನಿಮ್ಮ ಬಣ್ಣ ಮುಗಿದಿರುತ್ತದೆ. ನಿಮ್ಮ ಮನೆಯಲ್ಲಿ ಮೂರು ಜನ ಇದ್ದೀರಿ, ಅಂಗಡಿಯಲ್ಲಿ ಆಳುಗಳಿದ್ದಾರೆ. ಮಗ್ಗುಲು ಬದಲಿಸಲು ಒಂದಲ್ಲ ಒಂದು ಕೈ ಸಿಗುತ್ತದೆ. ನಾನೂ ಎಲ್ಲಾದರೂ ಒಂದು ಮೂಲೆಯಲ್ಲಿ ಅಡ್ಡಾದೇನು.

ಸುಗಲಾಗೆ ಭಾರವಾಗುವುದಾದರೆ ಅವಳೇ ಎರಡು ಸಾಲು ಬರೆಯಲಿ. ನಾನು ಅತ್ತಿಗೆ, ಹುಲಿಯಲ್ಲ.

ಅಕ್ಕ
ಕಸ್ತೂರಬಾಯಿ


ಅಕ್ಕಲಕೋಟೆ
೨೦ ಫೆಬ್ರುವರಿ ೨೦೨೫

ಪೂಜ್ಯ ಅಕ್ಕನವರಿಗೆ ಶರಣು.

ಉತ್ತರ ಬರೆಯಲು ತಡವಾಯಿತು, ಕ್ಷಮೆ ಇರಲಿ. ಅಂಗಡಿಯಲ್ಲಿ ಹೊಸ ತೊಗರಿ ಬಂದು ಕೈ ಬಿಡುವಿರಲಿಲ್ಲ.

ಬಣ್ಣದ ಕೆಲಸ ಬಹುತೇಕ ಮುಗಿದಿದೆ. ಆದರೆ ಮುಂದಿನ ವಾರ ಶಿವರಾತ್ರಿ. ಅದು ಮುಗಿದ ಕೂಡಲೇ ವಾಗದರಿಯ ಬೀಗರು ಮನೆ ನೋಡಿಕೊಂಡು ಹೋಗಲು ಬರುತ್ತೇವೆ ಎಂದಿದ್ದಾರೆ. ಯಾವ ದಿನ ಬರುತ್ತಾರೆಂದು ಹೇಳಿಲ್ಲ. ಹಿರಿಯರು, ಹಳೆಯ ಕಾಲದ ಜನ. ಅವರು ಬಂದಾಗ ಮನೆಯಲ್ಲಿ ಎಲ್ಲ ಸಮಾಧಾನವಾಗಿ ಇರಬೇಕಾಗುತ್ತದೆ. ತಾವು ತಿಳಿದವರು.

ಇನ್ನೊಂದು ವಿಚಾರ ಹೊಳೆಯಿತು. ಆ ಎರಡು ದಿನ ಭಾವನವರನ್ನು ಅಲ್ಲಿಯೇ ಒಂದು ಒಳ್ಳೆಯ ದವಾಖಾನೆಯಲ್ಲಿ ಸೇರಿಸಿದರೆ ಹೇಗೆ? ತಪಾಸಣೆಯೂ ಆದಂತಾಗುತ್ತದೆ. ಹೆಚ್ಚುಕಡಿಮೆಯಾದರೆ ಡಾಕ್ಟರರು ಹತ್ತಿರವೇ ಇರುತ್ತಾರೆ. ನಮ್ಮ ಊರಿನಲ್ಲಿ ಅಂಥ ಸೌಕರ್ಯ ಎಲ್ಲಿದೆ?

ಅಂದಹಾಗೆ, ಡಾಕ್ಟರರು ಏನು ಹೇಳುತ್ತಾರೆ? ಇನ್ನು ಎಷ್ಟು ದಿನ ಎಂದು ಏನಾದರೂ ಹೇಳಿದ್ದಾರೆಯೆ? ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ.

ರೊಟ್ಟಿ, ಕಾರದ ಪುಡಿ, ಹೊಸ ತೊಗರಿಬೇಳೆ ಕಳಿಸಿದ್ದೇನೆ.

ಮಲಕಾಜಪ್ಪ


ಸೊಲ್ಲಾಪುರ
೨ ಮಾರ್ಚ್ ೨೦೨೫

ಮಲಕಾಜಪ್ಪ,

ಇನ್ನು ಎಷ್ಟು ದಿನ ಎಂದು ಕೇಳಿದ್ದೀ. ಈ ಎರಡು ವರ್ಷದಲ್ಲಿ ಇದನ್ನು ಯಾರೂ ನನ್ನ ಮುಖಕ್ಕೆ ಕೇಳಿರಲಿಲ್ಲ, ನೀನು ಬೇಳೆಯ ಜೊತೆ ಕಟ್ಟಿ ಕಳಿಸಿದೆ. ಡಾಕ್ಟರರು ಏನೂ ಹೇಳಿಲ್ಲಪ್ಪ. ಅವರು ಹೇಳಲಿಕ್ಕಿಲ್ಲ, ನಾನು ಕೇಳಲಿಕ್ಕಿಲ್ಲ.

ಇದು ನಿನ್ನ ಮಾತಲ್ಲ, ಸುಗಲಾನ ಮಾತು ಎಂದು ನನಗೆ ಗೊತ್ತು. ಮದುವೆಯ ಮನೆ, ಹೊಸ ಬಣ್ಣ, ಬೀಗರು ಬರುವ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಜೊಲ್ಲು ಸುರಿಸುವ ಮುದುಕ. ಅವಳಿಗೆ ಅಸಹ್ಯವಾದರೆ ನನಗೆ ಅರ್ಥವಾಗುತ್ತದೆ. ನನಗೇ ಒಮ್ಮೊಮ್ಮೆ ಆಗುತ್ತದೆ. ಹೇಳಿಬಿಡಬಹುದಿತ್ತು. ರೊಟ್ಟಿ ಸುಟ್ಟು ಸುಟ್ಟು ಕಳಿಸುವ ಬದಲು ಒಂದು ಸಾಲು ಬರೆಯಬಹುದಿತ್ತು.

ನಮ್ಮ ಸರದಿ ಮತ್ತೆ ತಪ್ಪಿತು. ಅಂಬಾದಾಸನ ಆಳುಗಳು ಬಾಗಿಲಿಗೆ ಬಂದರು, ಒಳಗೆ ಹಾಸಿಗೆ ನೋಡಿದರು, ವಾಪಸು ಹೋದರು. ಈಗ ಕಟ್ಟಡದಲ್ಲಿ ಎಲ್ಲರದೂ ಆದ ಮೇಲೆ ಕೊನೆಗೆ ನಮ್ಮದು, ತಿಂಗಳ ಕೊನೆಗೆ. ಅಷ್ಟರಲ್ಲಿ ಬಿಸಿಲು ಏರಿರುತ್ತದೆ. ನಿತಿನನೂ ಆಗ ಇರುವುದಿಲ್ಲ, ಟಾವೆಲ್ಲಿನ ಆರ್ಡರು ಹಿಡಿಯಲು ಹೈದರಾಬಾದಿಗೆ ಹೋಗುತ್ತಾನೆ. ದವಾಖಾನೆಯಲ್ಲಿ ಇಡು ಎಂದೆಯಲ್ಲ, ಅಲ್ಲಿ ರಾತ್ರಿ ಯಾರು ಕೂಡಬೇಕು? ನಾನೇ, ಸ್ಟೂಲಿನ ಮೇಲೆ.

ಈಗ ಒಂದು ಮಾತು ಬಿಚ್ಚಿ ಹೇಳುತ್ತೇನೆ. ಧೂಳು ನೆಪ. ಧೂಳಿಗೆ ನಾನು ಹೇಗಾದರೂ ದಾರಿ ಮಾಡುತ್ತಿದ್ದೆ, ಎದುರುಮನೆಯವರು ತಮ್ಮ ಹೊರಕೋಣೆ ಬಿಟ್ಟುಕೊಡುತ್ತೇವೆ ಎಂದಿದ್ದಾರೆ. ನನಗೆ ನಿದ್ದೆ ಬೇಕಾಗಿತ್ತು. ಎಲ್ಲಾದರೂ ಹೋಗಿ ಬಿದ್ದು, ಯಾರೂ ಎಬ್ಬಿಸದೆ, ನಾನಾಗಿ ಎಚ್ಚರವಾಗುವ ತನಕ ಮಲಗಬೇಕಾಗಿತ್ತು. ಮೊನ್ನೆ ಕುಕ್ಕರು ಏರಿಸಿ ಕಟ್ಟೆಗೆ ಒರಗಿ ನಿಂತಲ್ಲೇ ಕಣ್ಣು ಹತ್ತಿತು, ಅನ್ನ ಹೊತ್ತು ಕರಿಯಾದ ಮೇಲೆ ನೆರೆಯವರು ಬಂದು ಎಬ್ಬಿಸಿದರು. ಎರಡು ದಿನ ಸಿಕ್ಕರೆ ಮುಂದಿನ ವರ್ಷದ ತನಕ ನಡೆಸಿಕೊಂಡು ಹೋಗುತ್ತಿದ್ದೆ. ಹೆರಿಗೆಗೆ ತವರಿದೆ, ಪಂಚಮಿಗೆ ತವರಿದೆ, ನಿದ್ದೆಗೆ ತವರಿಲ್ಲ ಎಂದು ಈಗ ತಿಳಿಯಿತು.

ಇನ್ನು ಕೇಳುವುದಿಲ್ಲ. ರೊಟ್ಟಿಯ ಚೀಲವನ್ನು ಇದ್ದ ಹಾಗೆಯೇ ವಾಪಸು ಕಳಿಸಿದ್ದೇನೆ. ಬೇಳೆಯೂ ಅದರಲ್ಲೇ ಇದೆ.

ಕಸ್ತೂರಬಾಯಿ


ಅಕ್ಕಲಕೋಟೆ
೧೭ ಮಾರ್ಚ್ ೨೦೨೫

ಅಕ್ಕ,

ಕಂಡಕ್ಟರು ತುಂಬಿದ ಚೀಲವನ್ನು ತಂದು ಅಂಗಡಿಯ ಕಟ್ಟೆಯ ಮೇಲೆ ಇಟ್ಟಾಗ ಗಿರಾಕಿಗಳಿದ್ದರು. "ಯಾಕ್ರಿ ಸಾವಕಾರ್ರ, ರೊಟ್ಟಿ ಬ್ಯಾಡಂದ್ರೇನು" ಎಂದು ಒಬ್ಬರು ಕೇಳಿದರು. ಚೀಲವನ್ನು ಒಳಗೆ ಒಯ್ದಿಟ್ಟೆ. ಅಂದಿನಿಂದ ಬರೆಯಲು ಕೂತು ಎದ್ದು, ಕೂತು ಎದ್ದು, ಇಂದು ಬರೆಯುತ್ತಿದ್ದೇನೆ.

ಸುಗಲಾನ ಮೇಲೆ ತಪ್ಪು ಹೊರಿಸಬೇಡ. ಅವಳು ನಿನ್ನ ಮೊದಲ ಕಾಗದ ಬಂದ ಮರುದಿನವೇ ಹಿಂದಿನ ಕೋಣೆ ತೊಳೆದು ಮಂಚ ಹಾಕಿಸಿದ್ದಳು. ಬಣ್ಣದ ಡಬ್ಬಿ, ಏಣಿ ಎಲ್ಲ ನಾನು ಹೇಳಿದ ಸುಳ್ಳು. ಕಳೆದ ಕಾಗದವನ್ನು ಅವಳೂ ಓದಿದಳು. ಓದಿ ಅತ್ತಳು, ಆಮೇಲೆ ನನ್ನ ಜೊತೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡುತ್ತಿದ್ದಾಳೆ.

ಬೇಡವೆಂದವನು ನಾನು. ಅಂಜಿಕೆ ನನ್ನದು. ಹೆಣ್ಣು ಕೊಟ್ಟ ಮನೆಯಲ್ಲಿ ಅಳಿಯ ಕಣ್ಣು ಮುಚ್ಚಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಮುಚ್ಚಿದರೆ ಆ ಮನೆಯ ಹೆಣ್ಣುಮಕ್ಕಳ ಸಂಸಾರಕ್ಕೆ ಒಳಿತಲ್ಲ ಎನ್ನುತ್ತಿದ್ದರು. ನಾನು ಅದನ್ನು ನಂಬುತ್ತೇನೋ ಇಲ್ಲವೋ, ವಾಗದರಿಯವರು ನಂಬುತ್ತಾರೆ. ಅವರ ಕಿವಿಗೆ ಬಿದ್ದರೆ ಕಾಜಲಳ ಮದುವೆ ನಿಂತೀತು. ಎರಡು ದಿನವೆಂದು ಕರೆತಂದವರನ್ನು ನೀನು ಇಲ್ಲೇ ಬಿಟ್ಟರೆ ಎಂಬ ಯೋಚನೆಯೂ ಬಂದಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ನಿದ್ದೆಯ ಮಾತು ಬರೆದಿದ್ದೀ. ಅದು ಸಿಟ್ಟಿನಲ್ಲಿ ಬಂದ ಮಾತು ಎಂದುಕೊಂಡಿದ್ದೇನೆ. ಈ ವಯಸ್ಸಿನಲ್ಲಿ ನಿದ್ದೆ ಯಾರಿಗೆ ಬರುತ್ತದೆ, ನನಗೂ ನಸುಕಿಗೇ ಎಚ್ಚರವಾಗುತ್ತದೆ.

ಸರಿ, ಭಾವನವರನ್ನು ನಾನೇ ಗಾಡಿ ಮಾಡಿಕೊಂಡು ಬಂದು ಕರೆತರುತ್ತೇನೆ. ನೀನು ಅಲ್ಲೇ ಇರು. ನಿತಿನ ಊರಲ್ಲಿಲ್ಲದಾಗ ಮನೆಯನ್ನು ಕೆಲಸದವರ ಕೈಗೆ ಬಿಟ್ಟುಬರುವುದು ಸರಿಯಲ್ಲ. ಒಂದು ಷರತ್ತು ಇದೆ, ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಬರೆಯುತ್ತೇನೆ. ಭಾವನವರ ಉಸಿರು ಏರಿತೆಂದರೆ ಯಾವ ಹೊತ್ತಾದರೂ ಗಾಡಿ ಸೊಲ್ಲಾಪುರಕ್ಕೆ ತಿರುಗಿಸುತ್ತೇನೆ. ನೀನು ಬೇಡವೆನ್ನಬಾರದು.

ತಮ್ಮ
ಮಲಕಾಜಪ್ಪ


ಸೊಲ್ಲಾಪುರ
೨೧ ಮಾರ್ಚ್ ೨೦೨೫

ತಮ್ಮ ಮಲಕಾಜಪ್ಪನಿಗೆ,

ಷರತ್ತು ಒಪ್ಪಿದೆ. ಸೂತಕ ನಮಗಿಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳುವಾಗ ಎಲ್ಲರಿಗಿಂತ ಮೊದಲು ತಲೆಯಾಡಿಸುವವನು ನೀನು. ಇರಲಿ, ಮಗಳ ತಂದೆ. ನಿನ್ನ ಜಾಗದಲ್ಲಿದ್ದರೆ ನಾನೂ ಬಣ್ಣದ ಡಬ್ಬಿ ಅಡ್ಡ ಇಡುತ್ತಿದ್ದೆನೋ ಏನೋ. ಬೈಯಲಿಕ್ಕೂ ನನ್ನಲ್ಲಿ ತ್ರಾಣ ಉಳಿದಿಲ್ಲ.

ಸುಗಲಾಗೆ ನಾನು ತಪ್ಪು ಮಾತಾಡಿದೆ ಎಂದು ಹೇಳು. ಬೇಡ, ನಾನೇ ಹೇಳುತ್ತೇನೆ, ನೀನು ಅರ್ಧ ನುಂಗಿಬಿಡುತ್ತೀ.

ಇಪ್ಪತ್ತೈದು, ಇಪ್ಪತ್ತಾರು ನಮ್ಮ ದಿನಗಳು ಎಂದು ಕಾಂತೇಶ ಗೋಡೆಗೆ ಹಚ್ಚಿದ್ದಾನೆ. ಕಟ್ಟಡದಲ್ಲಿ ಉಳಿದಿರುವುದು ನಮ್ಮದೊಂದೇ. ಇಪ್ಪತ್ತೈದರಂದು ಬೆಳಿಗ್ಗೆ ಬಿಸಿಲೇರುವ ಮೊದಲು ಬಾ. ಲಿಫ್ಟಿನಲ್ಲಿ ಇವರನ್ನು ಮಲಗಿಸಲು ಆಗುವುದಿಲ್ಲ. ಅಂಬಾದಾಸನ ಆಳುಗಳು ಕುರ್ಚಿಯಲ್ಲಿ ಕೂಡಿಸಿ ಮೆಟ್ಟಿಲಿಂದ ಇಳಿಸಿಕೊಡುತ್ತಾರೆ. ನಾನು ಕೇಳಿರಲಿಲ್ಲ, ಅವರೇ ಹೇಳಿದರು.

ಗಂಜಿ ತೆಳ್ಳಗಿರಲಿ, ಚಮಚದಿಂದ ಎಡಗಡೆ ಹಾಕಬೇಕು, ಬಲಗಡೆ ಹಾಕಿದರೆ ಹೊರಗೆ ಬರುತ್ತದೆ. ನುಂಗಿದರೋ ಇಲ್ಲವೋ ಎಂದು ಗಂಟಲು ನೋಡಿ ಇನ್ನೊಂದು ಚಮಚ ಹಾಕಬೇಕು. ಬೆಳಿಗ್ಗೆ ಸ್ನಾನ ಮಾಡಿಸಿ ಲಿಂಗವನ್ನು ಅವರ ಎಡ ಅಂಗೈಯಲ್ಲಿ ಇಡಿರಿ, ಪೂಜೆ ಅವರೇ ಮಾಡುತ್ತಾರೆ, ಕಣ್ಣಿಂದ. ಮಗ್ಗುಲು ಬದಲಿಸುವಾಗ ಸೊಂಟ ಮತ್ತು ಭುಜ ಕೂಡಿಯೇ ಹಿಡಿಯಬೇಕು. "ಹ್ಞಾಂ" ಎಂದರೆ ನೀರು. ಎರಡು ಸಲ "ಹ್ಞಾಂ" ಎಂದರೆ ಹಾಸಿಗೆ ಒದ್ದೆಯಾಗಿದೆ. ಸುಮ್ಮನೆ ನಿನ್ನನ್ನೇ ನೋಡುತ್ತಿದ್ದರೆ ಏನೂ ಬೇಕಾಗಿಲ್ಲ, ಜೊತೆಗೆ ಕೂತರೆ ಸಾಕು. ಅದೇ ಎಲ್ಲಕ್ಕಿಂತ ಕಷ್ಟ, ಕೂತರೆ ನಿದ್ದೆ ಬರುತ್ತದೆ.

ಇವರಿಗೆ ಇನ್ನೂ ಹೇಳಿಲ್ಲ. ನೀನು ಬಂದ ಮೇಲೆ ಹೇಳುತ್ತೇನೆ.

ಅಕ್ಕ


ಅಕ್ಕಲಕೋಟೆ
೨೮ ಮಾರ್ಚ್ ೨೦೨೫

ಅಕ್ಕನಿಗೆ ಶರಣು.

ಭಾವನವರು ಚೆನ್ನಾಗಿದ್ದಾರೆ. ಅಂದು ಗಾಡಿಯಲ್ಲಿ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದರು, ಎರಡು ವರ್ಷದ ಮೇಲೆ ಹೊಲ ಕಂಡ ಮನುಷ್ಯ. ಕಫ ಹೆಚ್ಚಾಗಿಲ್ಲ. ಸಂಜೆ ಒಂದು ಹೊತ್ತು ಅಂಗಡಿಯ ಬಾಗಿಲಲ್ಲಿ ಕುರ್ಚಿಗೆ ದಿಂಬು ಕಟ್ಟಿ ಕೂಡಿಸುತ್ತೇನೆ. ಹಳೆಯ ವ್ಯಾಪಾರಿಯಲ್ಲವೆ, ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ನಿನ್ನೆ ನಾನು ಒಬ್ಬ ಹೆಣ್ಣುಮಗಳಿಗೆ ಬೆಲ್ಲ ತೂಗುವಾಗ "ಹ್ಞಾಂ" ಎಂದರು. ನೀರು ಒಯ್ದೆ, ಮುಖ ತಿರುಗಿಸಿದರು. ಮತ್ತೆ ನೋಡಿದರೆ ತಕ್ಕಡಿಯ ಬಟ್ಟಲಿನ ಕೆಳಗೆ ಒಂದು ಬೆಲ್ಲದ ತುಣುಕು ಸಿಕ್ಕಿಕೊಂಡಿತ್ತು. ಆ ಹೆಣ್ಣುಮಗಳು ನಗುತ್ತ ಅವರಿಗೆ ಕೈ ಮುಗಿದು ಹೋದಳು.

ರಾತ್ರಿಯ ಪಾಳಿ ನಾನು ಮತ್ತು ಸುಗಲಾ ಹಂಚಿಕೊಂಡಿದ್ದೇವೆ. ಅದರ ವಿಚಾರ ಆಮೇಲೆ ಬರೆಯುತ್ತೇನೆ, ಈಗ ಕಣ್ಣು ಉರಿಯುತ್ತಿವೆ.

ನಿಮ್ಮ ಎರಡು ದಿನ ಮುಗಿದವು. ರವಿವಾರ ಯುಗಾದಿ. ಅಂದು ವಾಗದರಿಯ ಬೀಗರು ಕಾಜಲಳಿಗೆ ಹಬ್ಬದ ಸಕ್ಕರೆ ಸರ ತೆಗೆದುಕೊಂಡು ಬರುತ್ತಾರೆ, ನಿನ್ನೆ ಫೋನು ಮಾಡಿದ್ದರು. ಆದ್ದರಿಂದ ಭಾವನವರನ್ನು ನಾಳೆ ಶನಿವಾರವೇ ಕರೆತರಬೇಕೆಂದಿದ್ದೇನೆ. ಗಾಡಿಗೆ ಹೇಳಿದ್ದೇನೆ. ಬೆಳಗಿನ ಮೊದಲ ಬಸ್ಸಿನಲ್ಲಿ ಉತ್ತರ ಕಳಿಸು.

ಮಲಕಾಜಪ್ಪ


ಸೊಲ್ಲಾಪುರ
೨೯ ಮಾರ್ಚ್ ೨೦೨೫

ತಮ್ಮ,

ಗಾಡಿ ಬೇಡವೆಂದು ಹೇಳು. ಕಿಟಕಿ ಕೆಲಸ ಇನ್ನೂ ಮುಗಿದಿಲ್ಲ.

ಅಡುಗೆಮನೆಯ ಗಾಜು ಅಳತೆಗೆ ಬರಲಿಲ್ಲ. ಒಳಕೋಣೆಯ ಕಿಟಕಿಯ ಸುತ್ತ ಸಿಮೆಂಟು ಒಣಗಿಲ್ಲ, ಮುಟ್ಟಿದರೆ ಉದುರುತ್ತದೆ. ಅಂಬಾದಾಸನ ಆಳುಗಳು ಹಬ್ಬಕ್ಕೆ ತಮ್ಮ ತಮ್ಮ ಊರಿಗೆ ಹೋಗಿದ್ದಾರೆ. ಬಂದ ಮೇಲೆ ಮಾಡುತ್ತಾರಂತೆ. ಮನೆ ತುಂಬ ಧೂಳು, ಒಂದು ಹಾಸಿಗೆ ಹಾಸಲೂ ಜಾಗವಿಲ್ಲ. ಇಂಥದರಲ್ಲಿ ಅವರನ್ನು ತಂದು ಏನು ಮಾಡಲಿ.

ಹಬ್ಬದ ದಿನ ನಿನಗೆ ತೊಂದರೆಯಾಗುತ್ತದೆ, ಗೊತ್ತು. ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರೆ ಯಾರಿಗೂ ಕಾಣುವುದಿಲ್ಲ. ಇನ್ನು ಸ್ವಲ್ಪ ದಿನ ಇಟ್ಟುಕೋ. ಯಾವಾಗ ಬರಬೇಕೆಂದು ನಾನೇ ತಿಳಿಸುತ್ತೇನೆ.

ಫೋನು ಮಾಡಬೇಡ, ಧೂಳಿಗೆ ಹಾಳಾದೀತೆಂದು ಆರಿಸಿಟ್ಟಿದ್ದೇನೆ.

ಅಕ್ಕ


ಅಕ್ಕಲಕೋಟೆ
೩ ಏಪ್ರಿಲ್ ೨೦೨೫

ಅಕ್ಕ,

ಮೊನ್ನೆ ಮಂಗಳವಾರ ನಾನು ಸೊಲ್ಲಾಪುರಕ್ಕೆ ಬಂದಿದ್ದೆ. ಮದುವೆಯ ಸೀರೆಗಳಿಗಾಗಿ ಬಂದದ್ದು. ಅವನ್ನು ತೆಗೆದುಕೊಂಡ ಮೇಲೆ, ಕೆಲಸ ಎಲ್ಲಿಗೆ ಬಂತು ನೋಡೋಣ, ಅಂಬಾದಾಸನನ್ನು ನಾಲ್ಕು ಮಾತು ಕೇಳೋಣ ಎಂದು ನಿಮ್ಮ ಕಟ್ಟಡದ ಹತ್ತಿರ ಬಂದೆ. ಸಿಟ್ಟಿನಲ್ಲೇ ಬಂದೆ.

ಕೆಳಗೆ ನಿಂತು ಮೂರನೆಯ ಮಜಲೆ ನೋಡಿದೆ. ಅಡುಗೆಮನೆಯದು, ಹಾಲಿನದು, ಒಳಕೋಣೆಯದು, ಎಲ್ಲ ಕಿಟಕಿಗಳೂ ಹೊಸವು, ಗಾಜು ಹಾಕಿ ಒರೆಸಿ ಹೊಳೆಯುತ್ತಿದ್ದವು. ಒಳಕೋಣೆಯದಕ್ಕೆ ಒಳಗಿನಿಂದ ಹಳೆಯ ಇಳಕಲ್ ಸೀರೆ ಅಡ್ಡ ಕಟ್ಟಿತ್ತು. ನಡುಮಧ್ಯಾಹ್ನ, ಎಲ್ಲವೂ ಮುಚ್ಚಿದ್ದವು. ವಾಚಮನ್ನನನ್ನು ಕೇಳಿದೆ.

"ಮಾವಶಿ ಮನಿದು ಬುಧವಾರನ ಮುಗದದರಿ. ಅಂಬಾದಾಸ ಸಾಮಾನ ತಗೊಂಡ ಹ್ವಾದ," ಎಂದ. "ಅವತ್ತಿನಿಂದ ಮಾವಶಿ ಕೆಳಗ ಇಳದೇ ಇಲ್ಲರಿ. ನಾ ಹಾಲ ಒಯ್ದ ಕೊಡ್ತೀನಿ, ಅವರ ಕಾಗದ ಬಸ್ಸಿಗಿ ಮುಟ್ಟಸ್ತೀನಿ. ಭಾಳ ಹೊತ್ತ ಬೆಲ್ ಒತ್ತಿದ್ರ ಬಾಗಲಾ ತಗೀತಾರ. ತಬ್ಯೇತ ಬರೋಬರ ಇಲ್ಲೇನ್ರಿ ಅಂತ ಕೇಳಿದ್ನಿ. ಏನ ಆಗಿಲ್ಲಪ್ಪ, ನಿದ್ದಿ ಬಂದದ ಅಂದ್ರು."

ನಾನು ಮೇಲೆ ಹತ್ತಲಿಲ್ಲ. ಸೀರೆಯ ಗಂಟು ಹಿಡಿದುಕೊಂಡು ಬಸ್ಸಿಗೆ ಹೋದೆ. ಎಂಟು ದಿನದ ಹಿಂದೆ ಆಗಿದ್ದರೆ ಹತ್ತುತ್ತಿದ್ದೆ, ಬಾಗಿಲು ಬಡಿದು ಸುಳ್ಳು ಯಾಕೆ ಬರೆದೆ ಎಂದು ಕೇಳುತ್ತಿದ್ದೆ. ಈ ಎಂಟು ದಿನದಲ್ಲಿ ನಾನು ಒಂದು ರಾತ್ರಿಯೂ ಪೂರಾ ಮಲಗಿಲ್ಲ. ಅರ್ಧ ರಾತ್ರಿ ನನ್ನದು, ಅರ್ಧ ಸುಗಲಾನದು, ಆದರೂ ನಾನು ತಕ್ಕಡಿಯ ಮುಂದೆ ತೂಕಡಿಸಿ ಸಕ್ಕರೆ ಕೊಡುವಲ್ಲಿ ಉಪ್ಪು ಕೊಟ್ಟಿದ್ದೇನೆ. ನಿನ್ನೆ ಸುಗಲಾ ಗಂಜಿಯ ಬಟ್ಟಲು ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಎಚ್ಚರಾಗಿ ನನ್ನ ಕಡೆ ನೋಡಿ, "ನಾವು ಇಬ್ಬರು ಎಂಟ ದಿನಕ್ಕ ಹಿಂಗಾಗೇವಿ. ನಿಮ್ಮಕ್ಕ ಒಬ್ಬಾಕಿನ ಎರಡ ವರ್ಷ ಮಾಡ್ಯಾಳ. ಆಕಿ ನಿದ್ದಿ ಅಂತ ಬರದಿದ್ಲು, ನೀವು ಸಿಟ್ಟಂದ್ರಿ," ಎಂದಳು. ಅವಳ ಕೈಯಿಂದ ಬಟ್ಟಲು ಇಸಿದುಕೊಂಡು ಉಳಿದ ಗಂಜಿ ನಾನೇ ಉಣ್ಣಿಸಿದೆ. ಅಕ್ಕ, ನಾನು ನಿನ್ನನ್ನು ಅಲ್ಲೇ ಇರು ಎಂದದ್ದೇ ಒಳ್ಳೆಯದಾಯಿತು. ಇಲ್ಲಿ ಬಂದಿದ್ದರೆ ಅವರು "ಹ್ಞಾಂ" ಎಂದಾಗಲೆಲ್ಲ ನೀನೇ ಮೊದಲು ಏಳುತ್ತಿದ್ದೆ.

ಹಬ್ಬದ ದಿನ ಬೀಗರು ಬಂದರು. ನಾನು ಹಿಂದಿನ ಕೋಣೆಯ ಬಾಗಿಲು ಮುಂದೆ ಮಾಡಿದ್ದೆ. ಸುಗಲಾ ನೀರು ಕೊಡಲು ಬಂದವಳು ಅದನ್ನು ಪೂರಾ ತೆರೆದಿಟ್ಟು ಹೋದಳು. ಹಿರಿಯರು ಎದ್ದು ಒಳಗೆ ಹೋಗಿ ನೋಡಿದರು.

"ಇವರ್ಯಾರ್ರಿ?"

"ನಮ್ಮ ಅಕ್ಕನ ಯಜಮಾನರು."

"ಇಂಥಾ ಪರಿಸ್ಥಿತ್ಯಾಗ ಇಲ್ಲ್ಯಾಕ ಇಟಗೊಂಡೀರಿ? ಹೆಣ್ಣ ಕೊಟ್ಟ ಮನ್ಯಾಗ?"

"ಆಕಿ ಮನ್ಯಾಗ ಖಿಡಕಿ ಕೆಲಸ ನಡದದರಿ," ಎಂದೆ. ಅವರು ತಿರುಗಿ ಬಂದು ಕೂತರು. ಹೋಳಿಗೆ ಉಂಡರು, ಸಕ್ಕರೆ ಸರ ಕೊಟ್ಟರು, ಹೋದರು. ಮನಸ್ಸಿನಲ್ಲಿ ಏನಿದೆಯೋ ಗೊತ್ತಾಗಲಿಲ್ಲ, ಇನ್ನೂ ಅವರ ಫೋನು ಬಂದಿಲ್ಲ. ನನಗೆ ಅಂಜಿಕೆ ಇದೆ, ಇಲ್ಲವೆಂದು ಹೇಳುವುದಿಲ್ಲ. ಕಾಜಲಳಿಗೆ ಎಲ್ಲ ಹೇಳಿದೆ. "ಅತ್ತಿ ಮಲಗಲಿ ಬಿಡ್ರಿ ಪಪ್ಪಾ" ಎಂದು ಭಾವನವರ ಕಾಲಿಗೆ ಎಣ್ಣೆ ಹಚ್ಚಲು ಹೋದಳು.

ಉಸಿರು ಏರಿದರೆ ಗಾಡಿ ತಿರುಗಿಸುತ್ತೇನೆ ಎಂದು ಬರೆದಿದ್ದೆನಲ್ಲ, ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಏರಿದರೆ ಇಲ್ಲಿಗೇ ಡಾಕ್ಟರನ್ನು ಕರೆಯುತ್ತೇನೆ, ನಿನ್ನನ್ನೂ ಕರೆಯುತ್ತೇನೆ. ಅಲ್ಲಿಯ ತನಕ ಫೋನು ಮಾಡುವುದಿಲ್ಲ.

ಭಾವನವರು ದಿನಾ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಬಾಗಿಲ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ ನೋಡುತ್ತಾರೆ. ನಿನ್ನನ್ನು ಕೇಳುತ್ತಿದ್ದಾರೆಂದು ನನಗೆ ಗೊತ್ತಾಗುತ್ತದೆ. ಕಿಟಕಿ ಕೆಲಸ ಇನ್ನೂ ಮುಗಿದಿಲ್ಲ ಎಂದು ಹೇಳಿದ್ದೇನೆ.

ನಿನ್ನ ತಮ್ಮ
ಮಲಕಾಜಪ್ಪ